ಆಫೀಸಿನ ಫೋಲ್ಡರ್ ತೆರೆಯುತ್ತಿಲ್ಲವೇ? ಯಾವ ಬಾಗಿಲು ಮುಚ್ಚಿದೆ ಅಂತ ಮೊದಲು ನೋಡಿ

ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತಮುತ್ತಲ ರೈಸ್ ಮಿಲ್‌ಗಳ ಆಫೀಸುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಸುಗ್ಗಿ ಶುರುವಾದರೆ ಫೋನ್ ಜಾಸ್ತಿ. "ಸರ, ಫೋಲ್ಡರ್ ಓಪನ್ ಆಗವಲ್ದ್ರಿ. ನಿನ್ನಿ ತನಕ ಆಗ್ತಿತ್ತು." ಹೊರಗೆ ಭತ್ತದ ಲಾರಿಗಳು ಸಾಲಾಗಿ ನಿಂತಿರುತ್ತವೆ. ತೂಕದ ಚೀಟಿ ಎಂಟ್ರಿ ಆಗಬೇಕು. ಪರದೆಯ ಮೇಲೆ ಮಾತ್ರ 'ಆಕ್ಸೆಸ್ ಡಿನೈಡ್' ಅಂತ ಬಂದು ಕೂತಿರುತ್ತದೆ.

ಇಂಥ ಗಡಿಬಿಡಿಯಲ್ಲಿ ಯಾರಾದರೂ ಒಬ್ಬರು ಸುಲಭದ ದಾರಿ ಹೇಳಿಯೇ ಹೇಳುತ್ತಾರೆ. 'ಎವ್ರಿವನ್' ಅಂತ ಹಾಕಿ 'ಫುಲ್ ಕಂಟ್ರೋಲ್' ಟಿಕ್ ಮಾಡಿಬಿಡಿ, ಎಲ್ಲರಿಗೂ ತೆರೆಯುತ್ತದೆ ಅಂತ. ತೆರೆಯುವುದೇನೋ ನಿಜ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಒಂದು ಮಿಲ್‌ನಲ್ಲಿ ಹೀಗೇ ಮಾಡಿದ್ದೆ. ಮೂರು ತಿಂಗಳ ನಂತರ ಅಲ್ಲಿ ಯಾರದೋ ಮೌಸ್ ಜಾರಿ ಲೆಕ್ಕದ ಫೋಲ್ಡರ್ ಪೂರ್ತಿ ಇನ್ನೊಂದು ಫೋಲ್ಡರ್ ಒಳಗೆ ಹೋಗಿತ್ತು. ಹುಡುಕುವುದರಲ್ಲಿ ಒಂದು ದಿನ ಹೋಯಿತು. ಅದೇ ಫೋಲ್ಡರ್ ಡಿಲೀಟ್ ಆಗಿದ್ದರೆ? ನೆಟ್‌ವರ್ಕ್ ಮೂಲಕ ಡಿಲೀಟ್ ಆದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ಹೋದದ್ದು ಹೋದಂತೆಯೇ. ಒಂದು ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೂ ಅಷ್ಟೇ. ಆ ಲಾಗಿನ್‌ಗೆ ಎಲ್ಲೆಲ್ಲಿ ಬರೆಯುವ ಅನುಮತಿ ಇದೆಯೋ ಅಲ್ಲಿಯ ತನಕ ಅದು ಫೈಲುಗಳನ್ನು ಹಾಳು ಮಾಡುತ್ತಾ ಹೋಗುತ್ತದೆ. ಹಾಗಾಗಿ ಎಷ್ಟೇ ಅವಸರ ಇರಲಿ, ಆ ಟಿಕ್ ಹಾಕಬೇಡಿ. ಸರಿಯಾಗಿ ಹುಡುಕಿದರೆ ಹತ್ತು ಹದಿನೈದು ನಿಮಿಷದ ಕೆಲಸ ಇದು.

ಮೊದಲು ಮೆಸೇಜ್ ಓದಿ

'ಓಪನ್ ಆಗವಲ್ದು' ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳು ಇರುತ್ತವೆ. ಓಕೆ ಒತ್ತುವ ಮೊದಲು ಪರದೆಯ ಫೋಟೋ ತೆಗೆಯಿರಿ, ಆಮೇಲೆ ಓದಿ.

'ವಿಂಡೋಸ್ ಕೆನಾಟ್ ಆಕ್ಸೆಸ್' ಅಂತ ಬಂದು ಮುಖ್ಯ ಕಂಪ್ಯೂಟರೇ (ಎಲ್ಲರೂ ಬಳಸುವ ಫೋಲ್ಡರ್ ಇರುವ ಕಂಪ್ಯೂಟರ್) ಕಾಣದಿದ್ದರೆ ಅದು ಬಹುತೇಕ ನೆಟ್‌ವರ್ಕ್ ತೊಂದರೆ. ನಮ್ಮ ಕಡೆ ಕರೆಂಟ್ ಹೋಗಿ ಬಂದಾಗ ರೂಟರ್ ಹೊಸದಾಗಿ ಶುರುವಾಗುತ್ತದೆ, ಮುಖ್ಯ ಕಂಪ್ಯೂಟರಿನ ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಬದಲಾಗಬಹುದು. ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್ ಹಳೇ ನಂಬರಿನಲ್ಲೇ ಇರುತ್ತದೆ. ಶಾರ್ಟ್‌ಕಟ್‌ನಲ್ಲಿ ನಂಬರ್ ಬದಲು ಕಂಪ್ಯೂಟರಿನ ಹೆಸರು ಹಾಕಿ, ಇಲ್ಲವೇ ರೂಟರ್‌ನಲ್ಲಿ ಆ ಕಂಪ್ಯೂಟರಿಗೆ ಒಂದೇ ನಂಬರ್ ಕಾಯಂ ಮಾಡಿ. ಪರ್ಮಿಷನ್ ಮುಟ್ಟುವ ಅಗತ್ಯವೇ ಇಲ್ಲ.

ಫೈಲ್ ತೆರೆಯುತ್ತದೆ, ಆದರೆ 'ಲಾಕ್ಡ್ ಫಾರ್ ಎಡಿಟಿಂಗ್' ಅನ್ನುತ್ತಿದೆಯಾ? ಅದನ್ನು ಇನ್ನೊಬ್ಬರು ತೆರೆದಿಟ್ಟಿದ್ದಾರೆ ಅಂತ ಅರ್ಥ. ಊಟಕ್ಕೆ ಹೋದವರ ಪರದೆ ನೋಡಿ. ಯಾರು ಅಂತ ಗೊತ್ತಾಗದಿದ್ದರೆ ಮುಖ್ಯ ಕಂಪ್ಯೂಟರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಶೇರ್ಡ್ ಫೋಲ್ಡರ್ಸ್ ಒಳಗೆ ಓಪನ್ ಫೈಲ್ಸ್ ಒತ್ತಿ. ಯಾವ ಫೈಲ್ ಯಾವ ಲಾಗಿನ್‌ನಲ್ಲಿ ತೆರೆದಿದೆ ಅಂತ ಅಲ್ಲಿ ಕಾಣುತ್ತದೆ. ಅಲ್ಲಿಂದಲೇ ಬಲವಂತವಾಗಿ ಮುಚ್ಚಲೂಬಹುದು. ಆದರೆ ಅವರು ಸೇವ್ ಮಾಡದ ಕೆಲಸ ಹೋಗಬಹುದು, ಕೇಳಿಯೇ ಮುಚ್ಚಿ.

ಮತ್ತೆ ಮತ್ತೆ ಹೆಸರು, ಪಾಸ್‌ವರ್ಡ್ ಕೇಳುತ್ತಿದ್ದರೆ ನೀವು ಯಾರು ಅಂತ ಮುಖ್ಯ ಕಂಪ್ಯೂಟರಿಗೆ ಗೊತ್ತಾಗುತ್ತಿಲ್ಲ. 'ಆಕ್ಸೆಸ್ ಡಿನೈಡ್' ಅಥವಾ 'ಯೂ ಡೋಂಟ್ ಹ್ಯಾವ್ ಪರ್ಮಿಷನ್' ಅಂತ ಬಂದರೆ ಯಾರು ಅಂತ ಗೊತ್ತಾಗಿದೆ, ಒಳಗೆ ಬಿಡುತ್ತಿಲ್ಲ. ಮುಂದೆ ಹೇಳುವುದೆಲ್ಲ ಈ ಎರಡರ ಬಗ್ಗೆ.

ಗೇಟು ಮತ್ತು ಗೋದಾಮು

ಮಿಲ್‌ಗೆ ಲಾರಿ ಬಂದರೆ ಎರಡು ಕಡೆ ತಡೆದು ಕೇಳುತ್ತಾರೆ ಅಲ್ವಾ? ಮೊದಲು ಗೇಟಿನಲ್ಲಿ, ಆಮೇಲೆ ಗೋದಾಮಿನ ಬಾಗಿಲಲ್ಲಿ. ಗೇಟ್ ಪಾಸ್ ಇದ್ದು ಗೋದಾಮಿಗೆ ಕೀಲಿ ಬಿದ್ದಿದ್ದರೆ ಲಾರಿ ಅಂಗಳದಲ್ಲೇ ನಿಲ್ಲುತ್ತದೆ. ಗೋದಾಮು ತೆರೆದಿದ್ದು ಗೇಟ್ ಮುಚ್ಚಿದ್ದರೆ ರಸ್ತೆಯಲ್ಲೇ ನಿಲ್ಲುತ್ತದೆ.

ವಿಂಡೋಸ್‌ನ ಶೇರ್ ಮಾಡಿದ ಫೋಲ್ಡರಿಗೂ ಹೀಗೇ ಎರಡು ಬಾಗಿಲು. ಶೇರ್ ಪರ್ಮಿಷನ್ ಗೇಟು. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಇರುವ ಪರ್ಮಿಷನ್ ಗೋದಾಮಿನ ಬಾಗಿಲು. ನೆಟ್‌ವರ್ಕ್‌ನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಗೇಟಿನಲ್ಲಿ ಓದಲು ಮಾತ್ರ ಬಿಟ್ಟು, ಗೋದಾಮಿನಲ್ಲಿ ತಿದ್ದಲು ಬಿಟ್ಟಿದ್ದರೆ ಕೊನೆಗೆ ಸಿಗುವುದು ಓದಲು ಮಾತ್ರ. ಮುಖ್ಯ ಕಂಪ್ಯೂಟರಿನ ಮುಂದೆಯೇ ಕೂತವರು ಮಿಲ್‌ನ ಒಳಗೇ ಇದ್ದ ಹಾಗೆ. ಅವರಿಗೆ ಗೇಟಿನ ಮಾತೇ ಇಲ್ಲ, ಗೋದಾಮಿನ ಬಾಗಿಲು ಮಾತ್ರ.

ಇಷ್ಟು ಗೊತ್ತಿದ್ದರೆ ಒಂದೇ ಪರೀಕ್ಷೆಯಲ್ಲಿ ಅರ್ಧ ಉತ್ತರ ಸಿಗುತ್ತದೆ. ಯಾರಿಗೆ ತೊಂದರೆಯೋ ಅವರನ್ನೇ ಮುಖ್ಯ ಕಂಪ್ಯೂಟರಿನಲ್ಲಿ ಅವರದೇ ಲಾಗಿನ್‌ನಿಂದ ಕೂರಿಸಿ. ಅಲ್ಲಿ ಫೋಲ್ಡರ್ ತೆರೆದರೆ ತಪ್ಪು ಗೇಟಿನಲ್ಲಿದೆ, ಇಲ್ಲವೇ ಗುರುತಿನಲ್ಲಿದೆ. ಅಲ್ಲೂ ತೆರೆಯದಿದ್ದರೆ ಗೋದಾಮಿನ ಬಾಗಿಲು ನೋಡಿ. ಮಾಲೀಕರ ಲಾಗಿನ್‌ನಲ್ಲಿ ತೆರೆದು 'ಬರ್ತದಲ್ಲ' ಅನ್ನುವುದು ಪರೀಕ್ಷೆಯಲ್ಲ. ಅಡ್ಮಿನ್‌ಗೆ ತೆರೆಯುವುದೆಲ್ಲ ಗುಮಾಸ್ತರಿಗೆ ತೆರೆಯುವುದಿಲ್ಲ.

ನೀವು ಯಾರು?

ಚಿಕ್ಕ ಆಫೀಸುಗಳಲ್ಲಿ ಜಾಸ್ತಿ ಸಮಯ ತಿನ್ನುವುದು ಇದೇ. ಎಲ್ಲ ಲಾಗಿನ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ಡೊಮೇನ್ ಸರ್ವರ್ ಇಲ್ಲದ ಕಡೆ ಮುಖ್ಯ ಕಂಪ್ಯೂಟರ್ ತನ್ನಲ್ಲಿರುವ ಹೆಸರುಗಳನ್ನು ಮಾತ್ರ ನಂಬುತ್ತದೆ. ತೂಕದ ಮನೆಯ ಕಂಪ್ಯೂಟರಿನಲ್ಲಿ 'ತೂಕ' ಅಂತ ಲಾಗಿನ್ ಇದ್ದರೆ ಸಾಲದು. ಮುಖ್ಯ ಕಂಪ್ಯೂಟರಿನಲ್ಲೂ ಅದೇ ಹೆಸರಿನ, ಅದೇ ಪಾಸ್‌ವರ್ಡ್‌ನ ಖಾತೆ ಇರಬೇಕು.

ಪಿನ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಬೆಳಿಗ್ಗೆ ಕಂಪ್ಯೂಟರ್ ತೆರೆಯಲು ಹಾಕುವ ನಾಲ್ಕು ಅಂಕಿಯ ಪಿನ್ ಆ ಒಂದು ಕಂಪ್ಯೂಟರಿಗೆ ಮಾತ್ರ. ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕೇಳಿದಾಗ ಪಿನ್ ಹಾಕಿದರೆ ಎಷ್ಟು ಸಲ ಹಾಕಿದರೂ ತಪ್ಪೇ. ಪಾಸ್‌ವರ್ಡ್ ಇಲ್ಲದೆ ಖಾಲಿ ಬಿಟ್ಟ ಖಾತೆಯೂ ನೆಟ್‌ವರ್ಕ್‌ನಿಂದ ನಡೆಯುವುದಿಲ್ಲ. ಅಂಥ ಖಾತೆಯನ್ನು ಕಂಪ್ಯೂಟರಿನ ಮುಂದೆ ಕೂತು ಮಾತ್ರ ಬಳಸಬಹುದು, ವಿಂಡೋಸ್ ಹಾಗೇ ಇಟ್ಟುಕೊಂಡು ಬರುತ್ತದೆ. ಹಾಗಾಗಿ ಒಂದು ಪಾಸ್‌ವರ್ಡ್ ಇಡಿ.

ಪಾಸ್‌ವರ್ಡ್ ಇತ್ತೀಚೆಗೆ ಬದಲಾಯಿಸಿದ್ದರೆ ಇನ್ನೊಂದು ಕಡೆ ನೋಡಬೇಕು. ಗುಮಾಸ್ತರ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನೆಲ್ ತೆರೆದು, ಕ್ರೆಡೆನ್ಷಿಯಲ್ ಮ್ಯಾನೇಜರ್ ಒಳಗೆ ವಿಂಡೋಸ್ ಕ್ರೆಡೆನ್ಷಿಯಲ್ಸ್ ಒತ್ತಿ. ಮುಖ್ಯ ಕಂಪ್ಯೂಟರಿನ ಹೆಸರಿನಲ್ಲಿ ಹಳೇ ಪಾಸ್‌ವರ್ಡ್ ಅಲ್ಲಿ ಉಳಿದಿರುತ್ತದೆ. ಅದನ್ನು ರಿಮೂವ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಹೊಸದನ್ನು ಹಾಕಿ. ರೀಸ್ಟಾರ್ಟ್ ಬಿಡಬೇಡಿ. ಒಂದೇ ಕಂಪ್ಯೂಟರಿಗೆ ಎರಡು ಬೇರೆ ಹೆಸರಿನಲ್ಲಿ ಒಟ್ಟಿಗೆ ಸಂಪರ್ಕ ಮಾಡಲು ವಿಂಡೋಸ್ ಬಿಡುವುದಿಲ್ಲ. ಹಳೇ ಸಂಪರ್ಕ ಕಡಿದ ಮೇಲೆಯೇ ಹೊಸ ಗುರುತು ಹಿಡಿಯುತ್ತದೆ.

2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ ಕೆಲವು ಕಡೆ ನೆಟ್‌ವರ್ಕ್‌ಗೆ ಜೋಡಿಸಿದ ಹಳೇ ಸ್ಟೋರೇಜ್ ಪೆಟ್ಟಿಗೆಗಳು ತೆರೆಯುವುದು ನಿಂತಿತು. ಅವುಗಳಲ್ಲಿ ಹೆಸರು, ಪಾಸ್‌ವರ್ಡ್ ಏನೂ ಇಲ್ಲದೆ ಅತಿಥಿಯಾಗಿ ಒಳಗೆ ಹೋಗುತ್ತಿದ್ದೆವು. ಪ್ರೋ ಆವೃತ್ತಿಯಲ್ಲೂ ಈಗ ಅದಕ್ಕೆ ತಡೆ ಇದೆ. ಆ ತಡೆಯನ್ನು ತೆಗೆಯುವ ದಾರಿ ಇದೆ, ಆದರೆ ನಾನು ತೆಗೆಯುವುದಿಲ್ಲ. ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್ ಮಾಡಿ ಅದರಲ್ಲೇ ಹೋಗಿ.

ಗೇಟು ನೋಡುವುದು

ಇದು ಸಣ್ಣ ಕೆಲಸ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಷನ್ಸ್. ಈ ದಾರಿಯಲ್ಲಿ ಹೊಸದಾಗಿ ಶೇರ್ ಮಾಡಿದ ಫೋಲ್ಡರಿಗೆ ವಿಂಡೋಸ್ ತಾನೇ ಕೊಡುವುದು ಎವ್ರಿವನ್‌ಗೆ 'ರೀಡ್' ಮಾತ್ರ. 'ತೆರೆಯುತ್ತೆ, ಸೇವ್ ಆಗಲ್ಲ' ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಎವ್ರಿವನ್ ತೆಗೆದು, ಆ ಫೋಲ್ಡರಿನಲ್ಲಿ ಕೆಲಸ ಮಾಡುವವರ ಗುಂಪು ಸೇರಿಸಿ, 'ಚೇಂಜ್' ಕೊಡಿ.

ಗೋದಾಮಿನ ಬಾಗಿಲು

ಅಸಲು ವಿಷಯ ಇಲ್ಲಿದೆ. ಪ್ರಾಪರ್ಟೀಸ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ತೆರೆಯಿರಿ. ಮೇಲೆ ಹೆಸರುಗಳು, ಕೆಳಗೆ ಟಿಕ್‌ಗಳು. ಏನನ್ನಾದರೂ ಬದಲಾಯಿಸುವ ಮೊದಲು ಪ್ರತಿ ಹೆಸರಿನ ಮೇಲೂ ಒತ್ತಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ತಪ್ಪಾದರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು.

ಕೆಲಸ ಮಾಡುವವರಿಗೆ 'ಮಾಡಿಫೈ' ಕೊಡಿ. ಅದಕ್ಕಿಂತ ಜಾಸ್ತಿ ಬೇಡ, ಕಡಿಮೆಯೂ ಸಾಲದು. 'ಫುಲ್ ಕಂಟ್ರೋಲ್' ಇದ್ದವರು ಇನ್ನೊಬ್ಬರ ಪರ್ಮಿಷನ್ ಬದಲಾಯಿಸಬಹುದು, ಫೋಲ್ಡರಿನ ಒಡೆತನವನ್ನೇ ತೆಗೆದುಕೊಳ್ಳಬಹುದು. ಚೀಟಿ ಎಂಟ್ರಿ ಮಾಡುವವರಿಗೆ ಅದು ಯಾಕೆ? ಇನ್ನು ಕೆಲವರು 'ರೈಟ್' ಮಾತ್ರ ಕೊಟ್ಟು, ಡಿಲೀಟ್ ಮಾಡದಂತೆ ತಡೆಯೋಣ ಅಂತ ನೋಡುತ್ತಾರೆ. ಆಲೋಚನೆ ಒಳ್ಳೆಯದೇ. ಆದರೆ ಎಕ್ಸೆಲ್ ಸೇವ್ ಮಾಡುವ ರೀತಿಯೇ ಬೇರೆ. ಅದು ಮೊದಲು ಹೊಸ ತಾತ್ಕಾಲಿಕ ಫೈಲ್ ಬರೆಯುತ್ತದೆ, ಹಳೆಯದನ್ನು ಅಳಿಸುತ್ತದೆ, ಆಮೇಲೆ ಹೊಸದಕ್ಕೆ ಹಳೇ ಹೆಸರು ಇಡುತ್ತದೆ. ಅಳಿಸುವ ಅನುಮತಿ ಇಲ್ಲದಿದ್ದರೆ ಸೇವ್ ಆಗುವುದಿಲ್ಲ, ಫೋಲ್ಡರಿನಲ್ಲಿ ವಿಚಿತ್ರ ಹೆಸರಿನ ಫೈಲುಗಳು ಉಳಿಯುತ್ತವೆ. ಅಂಥ ಫೈಲುಗಳು ಕಂಡರೆ ನೇರ ಇಲ್ಲಿಗೇ ಬನ್ನಿ. ಡಿಲೀಟ್ ಭಯಕ್ಕೆ ಸರಿಯಾದ ಉತ್ತರ ದಿನದ ಬ್ಯಾಕಪ್.

'ಡಿನೈ' ಕಾಲಂ ಮುಟ್ಟಬೇಡಿ. ಒಬ್ಬರು ಎರಡು ಗುಂಪಿನಲ್ಲಿದ್ದು, ಒಂದು ಗುಂಪಿಗೆ ಅಲೋ, ಇನ್ನೊಂದಕ್ಕೆ ಅದೇ ಫೋಲ್ಡರಿನಲ್ಲಿ ಡಿನೈ ಇದ್ದರೆ ಡಿನೈ ಗೆಲ್ಲುತ್ತದೆ. ಯೂಸರ್ಸ್ ಅಥವಾ ಎವ್ರಿವನ್‌ಗೆ ಡಿನೈ ಹಾಕಿದರೆ ಹಾಕಿದವರೂ ಹೊರಗೆ. ಯಾರಿಗೆ ಬೇಡವೋ ಅವರ ಹೆಸರು ಪಟ್ಟಿಯಲ್ಲೇ ಇರದ ಹಾಗೆ ನೋಡಿಕೊಂಡರೆ ಸಾಕು.

ಟಿಕ್‌ಗಳೆಲ್ಲ ಸರಿ ಕಾಣುತ್ತವೆ, ಆದರೂ ತೆರೆಯುವುದಿಲ್ಲ ಅಂದರೆ ಊಹೆ ಮಾಡುತ್ತಾ ಕೂರಬೇಡಿ. ಅಡ್ವಾನ್ಸ್ಡ್ ಒತ್ತಿ, 'ಎಫೆಕ್ಟಿವ್ ಆಕ್ಸೆಸ್' ಟ್ಯಾಬ್‌ಗೆ ಹೋಗಿ, ಆ ಗುಮಾಸ್ತರ ಲಾಗಿನ್ ಹೆಸರು ಹಾಕಿ ವ್ಯೂ ಒತ್ತಿ. ಯಾವುದಕ್ಕೆ ಅನುಮತಿ ಇಲ್ಲವೋ ಅಲ್ಲಿ ಕೆಂಪು ಗುರುತು ಬರುತ್ತದೆ. ತಡೆಯುತ್ತಿರುವುದು ಯಾವುದು ಅಂತಲೂ ಪಕ್ಕದ ಕಾಲಂ ಹೇಳುತ್ತದೆ. ಇಷ್ಟು ಉಪಯೋಗದ ಪುಟವನ್ನು ಆಫೀಸುಗಳಲ್ಲಿ ಯಾರೂ ತೆರೆದು ನೋಡುವುದಿಲ್ಲವಲ್ಲ ಅಂತ ನನಗೆ ಬೇಸರ.

ಗುಂಪು ಮಾಡಿ, ಹೆಸರು ಹಾಕಬೇಡಿ

ಹತ್ತು ಫೋಲ್ಡರಿಗೆ ಹತ್ತು ಜನರ ಹೆಸರು ಹಾಕಿದರೆ, ಒಬ್ಬರು ಕೆಲಸ ಬಿಟ್ಟ ದಿನ ಹತ್ತೂ ಕಡೆ ತೆಗೆಯಬೇಕು. ಯಾರೂ ತೆಗೆಯುವುದಿಲ್ಲ. ಮುಖ್ಯ ಕಂಪ್ಯೂಟರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್ ತೆರೆದು 'ಲೆಕ್ಕ', 'ತೂಕದ ಮನೆ', 'ಗೋದಾಮು' ಅಂತ ಗುಂಪು ಮಾಡಿ. ಜನರನ್ನು ಗುಂಪಿಗೆ ಸೇರಿಸಿ, ಫೋಲ್ಡರಿಗೆ ಗುಂಪು ಸೇರಿಸಿ. ಹೋಮ್ ಆವೃತ್ತಿಯಲ್ಲಿ ಈ ಪುಟ ಇರುವುದಿಲ್ಲ. ಮೂರ್ನಾಲ್ಕು ಜನರ ಆಫೀಸಾದರೆ ಅಲ್ಲಿ ಒಬ್ಬೊಬ್ಬರ ಹೆಸರನ್ನೇ ಹಾಕಿದರೂ ನಡೆಯುತ್ತದೆ.

ಗುಂಪಿಗೆ ಸೇರಿಸಿದ ಕೂಡಲೇ ಬಾಗಿಲು ತೆರೆಯುವುದಿಲ್ಲ, ಇದು ನೆನಪಿರಲಿ. ನೀವು ಯಾವ ಯಾವ ಗುಂಪಿನವರು ಅನ್ನುವುದು ಲಾಗಿನ್ ಆಗುವಾಗಲೇ ನಿರ್ಧಾರ ಆಗುತ್ತದೆ. ಪರದೆ ಲಾಕ್ ಮಾಡಿ ತೆಗೆದರೆ ಸಾಲದು. ಸೈನ್ ಔಟ್ ಆಗಿ ಮತ್ತೆ ಬರಬೇಕು. ಇದು ಗೊತ್ತಿಲ್ಲದೆ ಸರಿಯಾಗಿದ್ದ ಪರ್ಮಿಷನ್ನನ್ನೇ ಮತ್ತೆ ಮತ್ತೆ ತಿದ್ದಿ ಕೆಡಿಸಿದ್ದನ್ನು ನೋಡಿದ್ದೇನೆ.

'ನಿನ್ನಿ ತನಕ ಆಗ್ತಿತ್ತು'

ಹಾಗಾದರೆ ರಾತ್ರೋರಾತ್ರಿ ಏನಾಯಿತು? ನಾನು ಮೊದಲು ಕೇಳುವ ಪ್ರಶ್ನೆ: ಫೋಲ್ಡರನ್ನು ಯಾರಾದರೂ ಕಟ್ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದ್ರಾ?

ಕಾಪಿ ಮಾಡಿದರೆ ಹೊಸ ಫೋಲ್ಡರ್ ತಾನು ಬಂದ ಜಾಗದ ಪರ್ಮಿಷನ್ ಪಡೆಯುತ್ತದೆ. ಒಂದೇ ಡ್ರೈವ್ ಒಳಗೆ ಕಟ್ ಮಾಡಿ ಪೇಸ್ಟ್ ಮಾಡಿದರೆ ಹಳೇ ಪರ್ಮಿಷನ್ನನ್ನೇ ಹೊತ್ತುಕೊಂಡು ಬರುತ್ತದೆ. ಮಾಲೀಕರು ತಮ್ಮ ಸ್ವಂತ ಫೋಲ್ಡರಿನಿಂದ ಈ ವರ್ಷದ ಲೆಕ್ಕವನ್ನು ಕಟ್ ಮಾಡಿ ಶೇರ್ ಫೋಲ್ಡರಿಗೆ ಹಾಕುತ್ತಾರೆ. ಅವರಿಗೆ ತೆರೆಯುತ್ತದೆ, ಗುಮಾಸ್ತರಿಗೆ ಹೆಸರು ಮಾತ್ರ ಕಾಣುತ್ತದೆ. ಇದಕ್ಕೆ ಮದ್ದು ಸುಲಭ. ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ. 'ಎನೇಬಲ್ ಇನ್‌ಹೆರಿಟೆನ್ಸ್' (ಮೇಲಿನ ಫೋಲ್ಡರಿನ ಪರ್ಮಿಷನ್ ಇದಕ್ಕೂ ಬರುವಂತೆ ಮಾಡುವ) ಬಟನ್ ಕಂಡರೆ ಒತ್ತಿ. ಅದು ಕಾಣದಿದ್ದರೆ ಮೇಲಿನ ಫೋಲ್ಡರಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಕೆಳಗಿನ 'ರಿಪ್ಲೇಸ್ ಆಲ್ ಚೈಲ್ಡ್' ಟಿಕ್ ಹಾಕಿ ಅಪ್ಲೈ ಮಾಡಿ. ಆದರೆ ಆ ಟಿಕ್ ಹಾಕುವ ಮೊದಲು ಒಳಗೆ ಏನೇನಿದೆ ಅಂತ ನೋಡಿ. ಸಂಬಳದ ಫೋಲ್ಡರ್ ಅದರೊಳಗೆ ಬೇರೆ ಪರ್ಮಿಷನ್‌ನಲ್ಲಿ ಇದ್ದರೆ ಅದೂ ಎಲ್ಲರಿಗೂ ತೆರೆದುಬಿಡುತ್ತದೆ.

ಎರಡನೇ ಪ್ರಶ್ನೆ: ಕಂಪ್ಯೂಟರ್ ಫಾರ್ಮ್ಯಾಟ್ ಆಯ್ತಾ? ಸಿ ಡ್ರೈವ್‌ಗೆ ಹೊಸ ವಿಂಡೋಸ್ ಹಾಕಿ ಡಿ ಡ್ರೈವ್ ಹಾಗೇ ಬಿಟ್ಟಿದ್ದರೆ, ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿನ ಬದಲು 'ಅಕೌಂಟ್ ಅನ್‌ನೋನ್' ಮತ್ತು ಎಸ್-1-5-21 ಅಂತ ಶುರುವಾಗುವ ಉದ್ದ ನಂಬರ್ ಕಾಣುತ್ತದೆ. ವಿಂಡೋಸ್ ಹೆಸರನ್ನು ನೋಡುವುದಿಲ್ಲ, ಆ ನಂಬರನ್ನು ನೋಡುತ್ತದೆ. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರು ಇಟ್ಟರೂ ನಂಬರ್ ಬೇರೆ.

ಇಲ್ಲಿ ಅಡ್ಮಿನ್ ಆಗಿ ಒಡೆತನ ತೆಗೆದುಕೊಳ್ಳಬೇಕು. ಅಡ್ವಾನ್ಸ್ಡ್ ಪುಟದ ಮೇಲೆ ಓನರ್ ಪಕ್ಕದಲ್ಲಿ 'ಚೇಂಜ್' ಒತ್ತಿ, ಅಡ್ಮಿನಿಸ್ಟ್ರೇಟರ್ಸ್ ಅಂತ ಹಾಕಿ, 'ರಿಪ್ಲೇಸ್ ಓನರ್' ಟಿಕ್ ಮಾಡಿ ಅಪ್ಲೈ ಒತ್ತಿ. ಕಿಟಕಿ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಆಮೇಲೆ ಗುಂಪುಗಳನ್ನು ಸೇರಿಸಿ, ಹಳೇ ನಂಬರುಗಳನ್ನು ತೆಗೆಯಿರಿ. ಫೈಲ್ ಜಾಸ್ತಿ ಇದ್ದರೆ ಹೊತ್ತು ಹಿಡಿಯುತ್ತದೆ. ಮಧ್ಯದಲ್ಲಿ ನಿಲ್ಲಿಸಬೇಡಿ. ಯುಪಿಎಸ್ ಬ್ಯಾಟರಿ ಚೆನ್ನಾಗಿದೆಯಾ ನೋಡಿಯೇ ಶುರು ಮಾಡಿ.

ಒಂದು ಎಚ್ಚರಿಕೆ. ಫಾರ್ಮ್ಯಾಟ್ ಮಾಡುವ ಮೊದಲೇ ಫೈಲುಗಳ ಮೇಲೆ ಸಣ್ಣ ಬೀಗದ ಗುರುತು ಇದೆಯಾ ನೋಡಿ. ಅದಿದ್ದರೆ ಆ ಫೈಲುಗಳನ್ನು ವಿಂಡೋಸ್ ಎನ್‌ಕ್ರಿಪ್ಟ್ ಮಾಡಿದೆ. ಅವು ಒಡೆತನ ಬದಲಾಯಿಸಿದರೂ ತೆರೆಯುವುದಿಲ್ಲ, ಹಳೇ ಖಾತೆಯ ಸರ್ಟಿಫಿಕೇಟ್ (ಅವನ್ನು ತೆರೆಯುವ ಕೀಲಿ) ಬೇಕೇ ಬೇಕು. ಅದನ್ನು ಮೊದಲೇ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ.

ಒಡೆತನದ ಈ ಕೆಲಸವನ್ನು ನಿಮ್ಮ ಕೆಲಸದ ಫೋಲ್ಡರಿಗೆ ಮಾತ್ರ ಮಾಡಿ. ಸಿ ಡ್ರೈವ್ ಪೂರ್ತಿಗೆ, ವಿಂಡೋಸ್ ಫೋಲ್ಡರಿಗೆ, ಪ್ರೋಗ್ರಾಂ ಫೈಲ್ಸ್‌ಗೆ ಯಾವತ್ತೂ ಮಾಡಬೇಡಿ. ಸಿ ಡ್ರೈವ್‌ನಲ್ಲಿ ಮುಚ್ಚಿಟ್ಟ ಫೋಲ್ಡರುಗಳನ್ನು ತೋರಿಸುವಂತೆ ಮಾಡಿದರೆ 'ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್' ಅಂತ ಒಂದು ಕಾಣುತ್ತದೆ, ಒತ್ತಿದರೆ ಆಕ್ಸೆಸ್ ಡಿನೈಡ್. ಅದು ತೊಂದರೆಯಲ್ಲ. ಹಳೇ ಸಾಫ್ಟ್‌ವೇರ್‌ಗಳಿಗಾಗಿ ಇಟ್ಟ ಒಂದು ಕೈಮರ ಅದು. ಬಿಟ್ಟುಬಿಡಿ.

ಪರ್ಮಿಷನ್ ತರಹ ಕಾಣುವ ಬೇರೆ ತೊಂದರೆಗಳು

ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಮುಂದೆ ಚೌಕ ತುಂಬಿರುತ್ತದೆ. ತೆಗೆದರೂ ಮತ್ತೆ ಬರುತ್ತದೆ. ಫೋಲ್ಡರ್ ಮಟ್ಟದಲ್ಲಿ ಅದರಿಂದ ಏನೂ ತಡೆಯಿಲ್ಲ, ಸುಮ್ನೆ ಬಿಡಿ. ಪೆನ್ ಡ್ರೈವ್‌ನಲ್ಲಿ ಸೆಕ್ಯುರಿಟಿ ಟ್ಯಾಬ್ ಕಾಣದಿದ್ದರೆ ಅದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಆ ಬಗೆಯ ಫಾರ್ಮ್ಯಾಟ್‌ನಲ್ಲಿ ಈ ಪರ್ಮಿಷನ್ನೇ ಇಲ್ಲ.

ಒಂದೇ ಸಾಫ್ಟ್‌ವೇರ್‌ನಿಂದ ಮಾತ್ರ ಡಾಕ್ಯುಮೆಂಟ್ಸ್ ಅಥವಾ ಡೆಸ್ಕ್‌ಟಾಪ್‌ಗೆ ಸೇವ್ ಆಗುತ್ತಿಲ್ಲ, ಬೇರೆ ಎಲ್ಲದರಿಂದ ಆಗುತ್ತದೆ ಅಂದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ನೋಡಿ. 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಇದ್ದರೆ ತನಗೆ ಪರಿಚಯ ಇಲ್ಲದ ಸಾಫ್ಟ್‌ವೇರ್‌ಗಳನ್ನು ಅದು ತಡೆಯುತ್ತದೆ. ಆಫ್ ಮಾಡಬೇಡಿ. ನಿಮ್ಮ ಆ ಒಂದು ಸಾಫ್ಟ್‌ವೇರ್ ಹೆಸರನ್ನು ಅಲೋ ಪಟ್ಟಿಗೆ ಸೇರಿಸಿ.

ಕೊನೆಯ ಪರೀಕ್ಷೆ

ಗುಮಾಸ್ತರ ಕುರ್ಚಿಯಲ್ಲಿ ಅವರೇ ಕೂರಲಿ, ಅವರ ಲಾಗಿನ್ನೇ ಇರಲಿ. ಫೋಲ್ಡರಿನಲ್ಲಿ ಹೊಸ ಎಕ್ಸೆಲ್ ಫೈಲ್ ಮಾಡಿಸಿ. ಒಂದು ಸಾಲು ಬರೆಸಿ, ಸೇವ್ ಮಾಡಿಸಿ. ಮುಚ್ಚಿ ಮತ್ತೆ ತೆರೆಸಿ, ಇನ್ನೊಂದು ಸಾಲು ಬರೆಸಿ ಸೇವ್ ಮಾಡಿಸಿ. ಹೆಸರು ಬದಲಾಯಿಸಿ, ಡಿಲೀಟ್ ಮಾಡಿಸಿ. ಟ್ಯಾಲಿ ಡೇಟಾ ಅದೇ ಫೋಲ್ಡರಿನಲ್ಲಿದ್ದರೆ ಅದರಲ್ಲೂ ಒಂದು ಎಂಟ್ರಿ ಹಾಕಿಸಿ ನೋಡಿ.

ಇಷ್ಟಾದ ಮೇಲೆ ತೂಕದ ಮನೆಗೆ ನಡೆಯಿರಿ. ಅಲ್ಲಿನ ಲಾಗಿನ್‌ನಿಂದ ಸಂಬಳದ ಫೋಲ್ಡರ್ ಒತ್ತಿ. 'ಆಕ್ಸೆಸ್ ಡಿನೈಡ್' ಬರಬೇಕು. ಬರದಿದ್ದರೆ ಗೋದಾಮಿನ ಬಾಗಿಲಿಗೆ ವಾಪಸ್ ಹೋಗಿ, ಆ ಪಟ್ಟಿಯಲ್ಲಿ ಎವ್ರಿವನ್ ಅಥವಾ ಯೂಸರ್ಸ್ ಇನ್ನೂ ಉಳಿದಿದೆಯಾ ನೋಡಿ.